ಒಂದು ಗೀಟು, ಎರಡು ಗೀಟು

ದುಲಾತನ ಫೋನು ಬಂದಾಗ ಮುರಾಗೇರ್ ಗಡ್ಡಕ್ಕೆ ಸಾಬೂನು ಹಚ್ಚಿಕೊಂಡಿದ್ದ. ದುಲಾತ್ ಅವನ ಹೆಂಡತಿಯ ಅಣ್ಣ; ಇವನಿಗೆ ಅವನು ಅಗಾ, ಅಂದರೆ ಅಣ್ಣ, ಅವನಿಗೆ ಇವನು ಮನೆಯ ಅಳಿಯ. ಬೆಳ್ಳಂಬೆಳಗ್ಗೆ ಫೋನು ಮಾಡುವ ಜಾತಿಯ ಮನುಷ್ಯನಲ್ಲ.

"ಅಳಿಯಾ, ಪಕ್ಕದಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ ಅಗಾ. ಬಚ್ಚಲಲ್ಲಿದ್ದೀನಿ."

"ಬಾಗಿಲು ಹಾಕ್ಕೋ."

ಮುರಾಗೇರ್ ಚಿಲಕ ಹಾಕಿದ.

"ಅಪ್ಪ ಹೋದ್ರು," ಎಂದ ದುಲಾತ್. "ಬೆಳಗಿನ ನಮಾಜಿಗೆ ಅಂತ ಎದ್ದೋರು, ಕೈಕಾಲು ತೊಳಿಯಕ್ಕೆ ಬಗ್ಗಿದ್ದಷ್ಟೆ. ಇವತ್ತು ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿದ ತಕ್ಷಣ ಎತ್ತತೀವಿ. ಈ ಸೆಕೇಲಿ ಇಟ್ಕೊಳ್ಳಕ್ಕಾಗಲ್ಲ. ಶುಕ್ರವಾರ ಸಿಕ್ಕಿದ್ದು ಅವರ ಪುಣ್ಯ, ಕೆಡಿಸಬೇಡಿ ಅಂತ ಹಿರಿಯರೂ ಅಂದ್ರು. ಅವಳಿಗೆ ಏನೂ ಹೇಳ್ಬೇಡ. ಹುಷಾರಿಲ್ವಂತೆ ಅಂತ ಕರ್ಕೊಂಡು ಬಾ. ಹೇಳೋದನ್ನ ಹಿರಿಯರು ಹೇಳ್ತಾರೆ. ಮುಖ ಒಂದು ನೋಡ್ಲಿ ಅಳಿಯಾ. ಅಷ್ಟಾದ್ರೂ ಆಗ್ಲಿ."

ಹೆಣ್ಣುಮಕ್ಕಳು ಮಣ್ಣಿಗೆ ಹೋಗುವುದಿಲ್ಲ. ಅಂಗಳದಲ್ಲಿ ಹಾಕಿದ ಕಂಬಳಿ ಗುಡಾರದಿಂದ ಗಂಡಸರು ಎತ್ತಿಕೊಂಡು ಹೊರಟರೆ ಅವರ ಪಾಲಿಗೆ ಎಲ್ಲ ಅಲ್ಲಿಗೇ ಮುಗಿಯಿತು. ಇನ್ನು ಅಪ್ಪನ ಸಾವನ್ನು ಮಗಳಿಗೆ ಗಂಡನಾದವನು ಬಚ್ಚಲ ಬಾಗಿಲಲ್ಲಿ ನಿಂತು ಹೇಳುವ ಹಾಗಿಲ್ಲ. ತವರಿನ ಹಿರಿಯರು ಅವಳನ್ನು ಎದುರಿಗೆ ಕೂರಿಸಿಕೊಳ್ಳಬೇಕು, ಎರಡೂ ಕಡೆಯಿಂದ ಹೆಂಗಸರು ತೋಳು ಹಿಡಿದುಕೊಂಡಿರಬೇಕು, ಮಾತು ದೂರದಿಂದ ಸುತ್ತಿ ಬಳಸಿ ಬಂದು ಮೆಲ್ಲಗೆ ಮುಟ್ಟಬೇಕು. ಒಂಟಿಯಾಗಿ ಕೇಳಿದ ಸಾವು ಎದೆಯಲ್ಲೇ ನಿಂತುಬಿಡುತ್ತದೆ ಎನ್ನುತ್ತಾರೆ. ಮುರಾಗೇರನಿಗೆ ಇಂಥದ್ದರಲ್ಲೆಲ್ಲ ನಂಬಿಕೆ ಕಡಿಮೆ. ಆದರೆ ಅವನ ಚಿಕ್ಕಮ್ಮ ತಮ್ಮನ ಸಾವನ್ನು, ತಂತಿಯ ಕರೆಂಟಿನಲ್ಲಿ ಓಡುವ ಟ್ರಾಲಿಬಸ್ಸಿನಲ್ಲಿ ನಿಂತುಕೊಂಡು ಫೋನಿನಲ್ಲಿ ಕೇಳಿದವಳು. ಇವತ್ತಿಗೂ ಟ್ರಾಲಿಬಸ್ಸಿನ ತಂತಿ ಕಂಡರೆ ರಸ್ತೆ ಬದಲಿಸುತ್ತಾಳೆ.

ಅವನು ಗಡ್ಡ ಕೆರೆದುಕೊಂಡು, ಎರಡು ಕಡೆ ಕೊಯ್ದುಕೊಂಡು ಹೊರಗೆ ಬಂದ.

ಹೆಂಡತಿ ಕುರಲಾಯ್ ಅಡುಗೆಮನೆಯಲ್ಲಿ ಹಾಲು ಹಾಕಿದ ಚಹಾ ಕುಡಿಯುತ್ತಿದ್ದಳು.

"ಅಪ್ಪಂಗೆ ಸ್ವಲ್ಪ ಹುಷಾರಿಲ್ವಂತೆ," ಎಂದ. "ಶೀತ ಅಂತೆ. ದುಲಾತ್ ಅಗಾ ಬಂದು ನೋಡ್ಕೊಂಡು ಹೋಗಿ ಅಂದ್ರು."

"ಆಗಸ್ಟಲ್ಲಿ ಶೀತನಾ? ಹಳ್ಳದ ನೀರಲ್ಲಿ ತಣ್ಣಗಿಟ್ಟಿರೋ ಕುದುರೆ ಹಾಲಿನ ಕುಮಿಸ್ ಕುಡಿದಿರ್ತಾರೆ, ಬೇಡ ಅಂದ್ರೆ ಕೇಳಿದ್ರೆ ತಾನೆ!" ಅವಳು ನಕ್ಕಳು. "ಒಳ್ಳೇದೇ ಆಯ್ತು. ಕಿವಿ ಯಂತ್ರ ರಿಪೇರಿ ಆಗಿ ಬಂದಿದೆಯಲ್ಲ, ಕೊಟ್ಟು ಬರೋಣ. ಅದಿಲ್ದೆ ಫೋನಲ್ಲಿ ಬರೀ 'ಆಂ? ಆಂ?' ಅಂತಾರೆ. ಅವರ ಜೊತೆ ಮಾತಾಡಿ ಎಷ್ಟು ದಿನ ಆಯ್ತು."

ಅವಳು ಹಳದಿ ಅಂಗಿ ಹಾಕಿಕೊಂಡು ಬಂದಳು. ತೋಳಿನ ಅಂಚಿಗೆಲ್ಲ ಕಿತ್ತಳೆ ಹೂವು. ಬೇರೆ ಹಾಕ್ಕೋ ಅನ್ನಲು ಮುರಾಗೇರನ ನಾಲಿಗೆಯ ತುದಿಯವರೆಗೆ ಬಂತು. ಯಾಕೆ ಅಂದರೆ ಏನನ್ನಲಿ? "ತಲೆಗೆ ಒಂದು ಬಟ್ಟೆ ಇಟ್ಕೋ, ಬಿಸಿಲು ಜಾಸ್ತಿ," ಎಂದಷ್ಟೇ ಅಂದ. ಅವಳ ತವರೂರಿಗೆ ಮೂರು ಗಂಟೆಯ ದಾರಿ. ಈಗ ಹೊರಟರೆ ಬೇಕಾದಷ್ಟು ಹೊತ್ತಿತ್ತು.

ಕೆಳಗಿಳಿದು ಬಂದರೆ ಬೀದಿಯ ಮೇಲ್ಬದಿಯಲ್ಲಿ ಕಾರು ನಿಲ್ಲುವ ಸಾಲು ಬಾಯಿಯಿಂದ ಹಲ್ಲೆಲ್ಲ ಕಿತ್ತ ಹಾಗೆ ಖಾಲಿ.

"ಬಾಚ್ಕೊಂಡ್ ಹೋದ್ರು," ಎಂದಳು ಮೊದಲ ಮಹಡಿಯ ಕಿಟಕಿಯಿಂದ ಪಾತಿಗುಲ್ ಆಪಾ. ಬೀದಿಯಲ್ಲಿ ನಡೆದದ್ದನ್ನೆಲ್ಲ ಮೊದಲು ನೋಡಿ ಮೊದಲು ಹೇಳುವ ಉಯ್ಗುರ್ ಮುದುಕಿ. "ಸಾಲಿಗೆ ಸಾಲೇ! ಮೂರು ಲಾರಿ ತಂದಿದ್ರು. ನಾನು ಕೂಗಿದೆ ಕಣೋ, ಲಾರಿಯೋನು ನನಗೇ ಸಲಾಂ ಹೊಡ್ದ. ಇವತ್ತು ಒಂದನೇ ತಾರೀಖಲ್ವಾ, ಅವರಿಗೆ ಮದುವೆ ಮನೆ!"

ಒಂದನೇ ತಾರೀಖು. ಮುರಾಗೇರ್ ಕಂಬದ ಹತ್ತಿರ ಹೋಗಿ ತಲೆ ಎತ್ತಿ ನಿಂತ.

ಆ ಕಂಬಕ್ಕೆ ಐದು ಫಲಕಗಳಿದ್ದವು. ಎಲ್ಲಕ್ಕಿಂತ ಮೇಲೆ, ಇಲ್ಲಿ ಗಾಡಿ ನಿಲ್ಲಿಸಬಹುದು, ದುಡ್ಡನ್ನು ಫೋನಿನಲ್ಲಿ ಕಟ್ಟಿ ಎನ್ನುವ ನೀಲಿ ಫಲಕ. ಅದರ ಕೆಳಗೆ ಚಕ್ರ ಹೇಗಿರಬೇಕೆಂಬ ಚಿತ್ರ. ಅದರ ಕೆಳಗೆ ಎಷ್ಟರಿಂದ ಎಷ್ಟು ಗಂಟೆ ಎಂಬುದು. ಅದರ ಕೆಳಗೆ, ಜೂನಿನಿಂದ ಎಲೆ ಉದುರುವ ತನಕ ಎಲ್ಮ್ ಮರದ ಕೊಂಬೆಯೊಳಗೆ ಮುಖ ಮುಚ್ಚಿಕೊಂಡಿರುವ ದುಂಡು ಫಲಕ: ಕೆಂಪು ಅಂಚು, ಒಳಗೆ ಬಿಳಿಯ ಒಂದು ಗೀಟು. ಒಂದು ಗೀಟು ಅಂದರೆ ಬೆಸ ತಾರೀಖಿನಲ್ಲಿ ಈ ಕಡೆ ನಿಲ್ಲಿಸಬೇಡಿ. ಎದುರಿನ ಕೆಳಸಾಲಿನ ಕಂಬದಲ್ಲಿ ಎರಡು ಗೀಟು. ಅಲ್ಲಿ ಸರಿ ತಾರೀಖಿನಲ್ಲಿ ನಿಲ್ಲಿಸಬೇಡಿ. ಎಲ್ಲಕ್ಕಿಂತ ಕೆಳಗೆ, ಎಲ್ಲರಿಗೂ ಕಾಣುವ ಹಾಗೆ, ಕೊಕ್ಕೆಗೆ ಸಿಕ್ಕಿಕೊಂಡ ಕಾರಿನ ಚಿತ್ರ.

ಫಲಕವನ್ನು ಯಾರು ನೋಡುತ್ತಾರೆ? ಸಂಜೆ ಏಳರಿಂದ ಒಂಬತ್ತರವರೆಗೆ ಕಡೆ ಬದಲಿಸಲು ಬಿಡುವು ಕೊಟ್ಟಿದ್ದಾರೆ. ಊಟ ಮುಗಿಸಿ ಚಪ್ಪಲಿ ಎಳೆದುಕೊಂಡು ಎಲ್ಲರೂ ಕೆಳಗಿಳಿಯುತ್ತಾರೆ, ಗಾಡಿಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸುತ್ತಾರೆ, ಸೂರ್ಯಕಾಂತಿ ಬೀಜ ಜಗಿದು ಸಿಪ್ಪೆ ಉಗುಳುತ್ತ ಹರಟುತ್ತಾರೆ. ನಿನ್ನೆ ಆ ಕಡೆ ಇತ್ತು, ಇವತ್ತು ಈ ಕಡೆ; ಕೈಗಳಿಗೇ ಗೊತ್ತು. ಆದರೆ ನಿನ್ನೆ ಮೂವತ್ತೊಂದು. ಬೆಸದ ಬೆನ್ನಿಗೆ ಮತ್ತೆ ಬೆಸ. ಇಂಥ ಸಂಜೆ ಗಾಡಿಯನ್ನು ಇದ್ದಲ್ಲಿಂದ ಅಲುಗಿಸಬಾರದು. ನಿನ್ನೆ ಇಡೀ ಬೀದಿ ನಗುನಗುತ್ತ, ಒಬ್ಬರಿಗೊಬ್ಬರು ಕೈ ಬೀಸಿ ಹಿಂದೆ ಮುಂದೆ ಮಾಡಿಸುತ್ತ, ಎಲ್ಲ ಕಾರುಗಳನ್ನೂ ಕೊಕ್ಕೆಗೆ ಸರಿಯಾಗಿ ನಿಲ್ಲಿಸಿ ಮಲಗಿತ್ತು. ಮುರಾಗೇರ್ ಫೋನಿನಲ್ಲಿ ದುಡ್ಡನ್ನೂ ಕಟ್ಟಿದ್ದ. ಧನ್ಯವಾದ ಎಂದು ಉತ್ತರವೂ ಬಂದಿತ್ತು.

"ಇಲ್ನೋಡು!" ಕುರಲಾಯ್ ಅವನ ಫೋನು ಕಿತ್ತುಕೊಂಡಳು. ಅವಳ ಕಣ್ಣು ಹೊಳೆಯುತ್ತಿತ್ತು. "ನಿಲ್ಸಿ ಅಂತ ದುಡ್ಡೂ ತಗೊಂಡಿದ್ದಾರೆ, ಯಾಕೆ ನಿಲ್ಸಿದ್ರಿ ಅಂತ ಎತ್ಕೊಂಡೂ ಹೋಗಿದ್ದಾರೆ. ಒಂದೇ ಕಂಬ, ಎರಡು ನಾಲಿಗೆ. ನಿಲ್ಲು, ಮರದ ಫೋಟೋ ತೆಗೀತೀನಿ."

"ಕುರಾ, ಟ್ಯಾಕ್ಸಿ ಮಾಡ್ಕೊಂಡು ಊರಿಗೆ ಹೋಗ್ಬಿಡೋಣ. ಗಾಡಿ ಆಮೇಲೆ ನೋಡ್ಕೊಳ್ಳೋಣ."

"ಶೀತಕ್ಕೆ ಟ್ಯಾಕ್ಸಿನಾ? ಕುದುರೆ ಮಾರಬೇಕಾಗತ್ತೆ ಅಷ್ಟೆ. ಅಲ್ದೆ ಕಿವಿ ಯಂತ್ರ ಗಾಡಿಲೇ ಇದೆ. ಬರಿಗೈಲಿ ಹೋಗಿ ಅವರ ಮುಂದೆ ಕೂತು ಕಿರುಚಲಾ?"

ಅವಳು ಕಾಗದಪತ್ರ ತರ್ಜುಮೆ ಮಾಡುವ ಕಚೇರಿಯಲ್ಲಿ ತಪ್ಪು ತಿದ್ದುವ ಕೆಲಸದವಳು. ಕಟ್ಟಡದ ಲಿಫ್ಟಿಗೆ, ಬಾರದ ಬಿಸಿನೀರಿನ ಬಿಲ್ಲಿಗೆ ದೂರು ಬರೆದು ಬರೆದು ಗೆದ್ದವಳು. ಅವಳಪ್ಪ ಸೆಯಿಲ್‌ಖಾನ್ ಈ ಕತೆಯನ್ನು ಊರ ಕುರಿಗಳಿಗೂ ಹೇಳಿ ಮುಗಿಸಿದ್ದರು. ಮುರಾಗೇರ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗಾಡಿ ಬಿಡಿಸಿಕೊಳ್ಳಲು ಒಂದು ಗಂಟೆ ಹಿಡಿದರೂ ಹೊತ್ತಿಗೆ ಮುಟ್ಟಬಹುದು. ಅವನ ಆ ದಿನದ ಎರಡನೇ ತಪ್ಪು ಅದು.

ಎತ್ತಿದ ಗಾಡಿಗಳನ್ನು ಇಡುವ ಅಂಗಳ ನಗರದ ಕೆಳತುದಿಯಲ್ಲಿ, ದೊಡ್ಡ ಸಂತೆಯ ಹಿಂದೆ. ತಗಡಿನ ಗೇಟು, ಒಳಗೆ ಕಬ್ಬಿಣದ ಡಬ್ಬಿಯಂಥ ಕಚೇರಿ, ಅದಕ್ಕೊಂದು ಕಿಟಕಿ. ಕಿಟಕಿಯನ್ನು ಸೊಂಟದ ಎತ್ತರಕ್ಕೆ ಇಟ್ಟಿದ್ದರು. ಯಾರೇ ಬಂದರೂ ಬಗ್ಗಲೇಬೇಕು. ಹಿಂದೊಮ್ಮೆ ಯಾರೋ ಗಾಜು ಒಡೆದಿದ್ದಕ್ಕೆ ದಪ್ಪ ಗಾಜು ಹಾಕಿ ಒಳಗೊಂದು ಮೈಕು, ಹೊರಗೆ ಸೂರಿನ ಮೇಲೊಂದು ಸ್ಪೀಕರು ಕೂರಿಸಿದ್ದರು. ಒಳಗಿನ ಹೆಂಗಸು ಗುಂಡಿ ಒತ್ತಿ ಮಾತಾಡಿದರೆ ಅಂಗಳದ ಕೊನೆಯ ಕಾರಿಗೂ ಕೇಳುತ್ತಿತ್ತು.

"ಮುಂದಿನವರು! ನಗಬೇಡಿ, ಇದು ಸರ್ಕಾರಿ ಜಾಗ."

ಸಾಲಿನಲ್ಲಿ ಇಡೀ ಬೀದಿಯೇ ನಿಂತಿತ್ತು. ಮೂರನೇ ಮಹಡಿಯ ದಂತವೈದ್ಯ ಪೈಜಾಮದಲ್ಲೇ ಬಂದಿದ್ದ. ಅವರ ಸರದಿ ಬರುವ ಹೊತ್ತಿಗೆ ಬಿಸಿಲು ತಗಡಿನ ಮೇಲೆ ಹತ್ತಿ ಕೂತಿತ್ತು.

ಕಿಟಕಿಯ ತೂತಿನಿಂದ ಕಾಗದ ಹೊರಬಂತು. ತಪ್ಪನ್ನು ಒಪ್ಪಿದ್ದೇನೆ ಎಂದು ಬರೆದು ಸಹಿ ಮಾಡಿದರೆ ದಂಡ ಅರ್ಧ, ಗಾಡಿ ಆಗಲೇ ಕೈಗೆ. ಮುರಾಗೇರ್ ಪೆನ್ನು ತೆಗೆದ.

"ಗಾಡಿ ಯಾರ ಹೆಸರಲ್ಲಿದೆ?" ಎಂದಿತು ಸ್ಪೀಕರು. "ನಿಮ್ಮದಲ್ಲವಲ್ಲ. ಹೆಸರಿರೋರು ಬರೀಬೇಕು."

ಗಾಡಿ ಕುರಲಾಯಳದು. ಮದುವೆಯಲ್ಲಿ ಅಪ್ಪ ಕೊಟ್ಟಿದ್ದು. ಅಳಿಯನ ಹೆಸರಿಗೆ ಬೇಡ, ಮಗಳ ಹೆಸರಿಗೇ ಇರಲಿ ಎಂದು ಹಟ ಹಿಡಿದು ಬರೆಸಿದ್ದು. ಅವಳು ಕಾಗದ ಎಳೆದುಕೊಂಡು ಮೇಲಿಂದ ಕೆಳಗೆ ಓದಿದಳು.

"ಒಪ್ಪಿದ್ದೇನೆ ಅಂತೆ. ಏನನ್ನ ಒಪ್ಪಲಿ? ಮರ ಬೆಳೆದಿದ್ದು ನನ್ನ ತಪ್ಪಾ?"

"ಬರ್ದುಬಿಡು ಕುರಾ. ಹೋಗೋಣ. ಅಪ್ಪ ಕಾಯ್ತಿರ್ತಾರೆ."

"ಅಪ್ಪಂಗೆ ಗೊತ್ತಾದ್ರೆ ನಿನಗೇ ಬೈತಾರೆ. ಮಾಡದಿರೋ ತಪ್ಪಿಗೆ ತಲೆ ಬಾಗಿಸಿ ಬಂದ್ಯಾ ಅಂತಾರೆ." ಅವಳು ದಪ್ಪಕ್ಷರದಲ್ಲಿ 'ಒಪ್ಪುವುದಿಲ್ಲ' ಎಂದು ಬರೆದು ತೂತಿನೊಳಗೆ ತಳ್ಳಿದಳು. ಮುರಾಗೇರ್ ಕೈ ಚಾಚುವಷ್ಟರಲ್ಲಿ ಒಳಗೆ ಅದಕ್ಕೆ ಠಪ್ಪೆಂದು ಮುದ್ರೆ ಬಿತ್ತು.

"ಹಾಗಾದ್ರೆ ವಿವರಣೆ ಬರೀರಿ," ಎಂದಿತು ಸ್ಪೀಕರು, ಆಕಳಿಸುತ್ತ. "ಇನ್ಸ್‌ಪೆಕ್ಟರ್ ನೋಡ್ತಾರೆ. ಅಲ್ಲಿ ತನಕ ಗಾಡಿ ಇಲ್ಲೇ."

"ಶಹಬ್ಬಾಸ್ ತಂಗಿ!" ಎಂದ ದಂತವೈದ್ಯ. "ನಮ್ಮದನ್ನೂ ನೀನೇ ಬರ್ಕೊಡು. ನನ್ನ ಅಕ್ಷರ ನನಗೇ ಓದಕ್ಕಾಗಲ್ಲ."

ಅವಳು ಯಾರದೋ ಕಾರಿನ ಮೂತಿಯ ಮೇಲೆ ಕಾಗದ ಹರವಿಕೊಂಡಳು. ಸುತ್ತ ಬೀದಿಯವರು ಕವಿದರು. ಒಬ್ಬ ಕಂಬದ ಚಿತ್ರ ಬರೆದು ಕೊಟ್ಟ, ಇನ್ನೊಬ್ಬಳು ನೀರು ತಂದಳು. ಹಳದಿ ಅಂಗಿಯಲ್ಲಿ, ತಲೆಬಟ್ಟೆ ಹೆಗಲಿಗೆ ಜಾರಿ, ಅವಳು ನಗುತ್ತ ಬರೆಯುತ್ತಿದ್ದಳು. ಮುರಾಗೇರ್ ದೂರದಿಂದ ನೋಡಿದ. ತಾನು ಒಂದು ಮಾತು ಆಡಿದರೆ ಆ ನಗು ನಿಲ್ಲುತ್ತದೆ. ಆಡದಿದ್ದರೆ ಇನ್ನೂ ಸ್ವಲ್ಪ ಹೊತ್ತು ಇರುತ್ತದೆ. ತಾನು ಸಂಪ್ರದಾಯ ಕಾಯುತ್ತಿದ್ದೇನೋ, ಹೆದರಿಕೊಂಡಿದ್ದೇನೋ ಅವನಿಗೆ ತಿಳಿಯಲಿಲ್ಲ.

ಗೇಟಿನ ಕಾವಲುಗಾರ ಒಬ್ಬ ರಷ್ಯನ್ ಮುದುಕ, ಕಲ್ಲಂಗಡಿ ತಿನ್ನುತ್ತ ಕೂತಿದ್ದ. ಮುರಾಗೇರ್ ಅವನ ಕಿವಿಯ ಹತ್ತಿರ ಬಗ್ಗಿದ. "ಅಣ್ಣಾ, ಮನೇಲಿ ಸಾವಾಗಿದೆ. ಗಾಡಿ ಬಿಟ್ಟುಬಿಡು. ಸಂಜೆ ಬಂದು ಎಲ್ಲಿ ಬೇಕಾದ್ರೂ ಸಹಿ ಹಾಕ್ತೀನಿ."

ಮುದುಕ ಬೀಜ ಉಗುಳಿದ. "ಈ ಗೇಟಲ್ಲಿ ದಿನಾ ಯಾರದಾದ್ರೂ ತಾಯಿ ಸಾಯ್ತಾಳೆ ಮಗಾ. ಹೋದ ವಾರ ಒಬ್ಬಂದು ಎರಡು ಸಲ ಸತ್ತಳು." ಮುರಾಗೇರನ ಮುಖ ನೋಡಿ ಅವನು ಹೋಳನ್ನು ಕೆಳಗಿಟ್ಟ. "ನಿಂದು ನಿಜ ಇರಬಹುದು. ಆದ್ರೆ ಬೀಗದ ಕೈ ನನ್ನ ಹತ್ರ ಇಲ್ಲಪ್ಪ. ಕಿಟಕೀಲಿ ಕೇಳು."

ದುಲಾತನ ಫೋನು ಮತ್ತೆ ಬಂತು. "ಎಲ್ಲಿದ್ದೀರಿ? ತೊಳೆದಾಯ್ತು, ಸುತ್ತಿದ್ದೂ ಆಯ್ತು. ಅವಳಿಗೋಸ್ಕರ ಮುಖ ಮಾತ್ರ ಕಟ್ಟಿಲ್ಲ."

"ಸ್ವಲ್ಪ ಕಾಯಿಸಕ್ಕಾಗುತ್ತಾ ಅಗಾ?"

"ಹೋದೋರನ್ನ ಕಾಯಿಸಬಾರ್ದು ಅಂತ ನಿನಗೂ ಗೊತ್ತು. ಇನ್ನೂ ನಗರ ಬಿಟ್ಟಿಲ್ವಾ ಅಳಿಯಾ?"

ಮುರಾಗೇರ್ ನೇರ ಕಿಟಕಿಗೆ ಹೋದ. ಸಾಲು ತಪ್ಪಿಸಿದ್ದಕ್ಕೆ ಹಿಂದಿನವರು ಬೈದರು. ಅವನು ಬಗ್ಗಿ, ಗಾಜಿಗೆ ಬಾಯಿ ತಾಗಿಸಿ, ಆದಷ್ಟು ಮೆಲ್ಲಗೆ ಹೇಳಿದ: "ಆಪಾ, ಆ ಹಳದಿ ಅಂಗಿಯವಳ ತಂದೆ ತೀರ್ಕೊಂಡಿದ್ದಾರೆ. ಅವಳಿಗೆ ಗೊತ್ತಿಲ್ಲ. ಮಧ್ಯಾಹ್ನ ಎತ್ತತಾರೆ. ದಮ್ಮಯ್ಯ, ಆ ಕಾಗದ ವಾಪಸ್ ಕೊಡಿ."

ಒಳಗಿನ ಹೆಂಗಸು ಕೆಟ್ಟವಳೇನಲ್ಲ. ಕೈಬೀಸಣಿಗೆ ನಿಲ್ಲಿಸಿ ಮುಂದಕ್ಕೆ ಬಾಗಿದಳು. ಏನೂ ಕೇಳಿಸಿರಲಿಲ್ಲವೋ, ಅರ್ಧ ಕೇಳಿಸಿತ್ತೋ. ಇಡೀ ದಿನ ಮಾಡಿಕೊಂಡು ಬಂದ ಹಾಗೆ ಅವಳ ಬೆರಳು ಗುಂಡಿ ಒತ್ತಿತು.

"ಯಾರ ತಂದೆ ತೀರ್ಕೊಂಡಿದ್ದು? ಆ ಹಳದಿ ಅಂಗಿ ಹೆಂಗಸಿನ ತಂದೆನಾ? ಮರಣಪತ್ರ ಇದೆಯಾ?"

ಅಂಗಳದ ಕೊನೆಯ ಕಾರಿಗೂ ಕೇಳಿತು.

ಅಂಗಳದಲ್ಲಿ ಹಳದಿ ಅಂಗಿ ಒಂದೇ ಇದ್ದದ್ದು. ದಂತವೈದ್ಯ ತನ್ನ ಪೈಜಾಮದ ಕಡೆ ನೋಡಿಕೊಂಡ. ನೀರು ತಂದಿದ್ದವಳು ಪ್ರಾರ್ಥನೆ ಮುಗಿಸುವವರ ಹಾಗೆ ಎರಡೂ ಅಂಗೈ ಮುಖಕ್ಕೆ ಸವರಿಕೊಂಡಳು. ಕುರಲಾಯ್ ಪೆನ್ನು ಹಿಡಿದೇ ತಿರುಗಿ, ಗಂಡನನ್ನು ನೋಡಿದಳು. ಅವನು ಇನ್ನೂ ಬಗ್ಗಿಯೇ ಇದ್ದ. ನೆಟ್ಟಗಾಗುವುದು ಹೇಗೆಂದು ಮರೆತವನ ಹಾಗೆ.

ಅವಳು ಹತ್ತಿರ ಬಂದಳು. ಕಿರುಚಲಿಲ್ಲ.

"ಯಾವಾಗ ಎತ್ತತಾರೆ?"

"ನಮಾಜು ಮುಗಿದ ತಕ್ಷಣ."

"ನಿನಗೆ ಬೆಳಗ್ಗೆಯಿಂದ ಗೊತ್ತಿತ್ತು."

"ದುಲಾತ್ ಅಗಾ ಹೇಳಬೇಡ ಅಂದ್ರು. ಹಿರಿಯರು..."

"ನಾನು ಮರದ ಫೋಟೋ ತೆಗೀತಾ ಇದ್ದೆ," ಎಂದಳು ಅವಳು. "ನೀನು ನಿಂತ್ಕೊಂಡು ನೋಡ್ತಾ ಇದ್ದೆ."

ಅವಳು ಕಿಟಕಿಗೆ ಬಗ್ಗಿದಳು. "ಒಪ್ತೀನಿ. ಎಲ್ಲಾ ತಪ್ಪೂ ಒಪ್ತೀನಿ. ಬೇರೆ ಕಾಗದ ಕೊಡಿ."

ಹೆಂಗಸು ಈ ಸಲ ಗುಂಡಿ ಒತ್ತದೆ, ಗಾಜಿನ ಹಿಂದೆ ಬಾಯಿಯನ್ನಷ್ಟೇ ಆಡಿಸಿದಳು. ಕೇಳಿಸಲಿಲ್ಲ. ಕೊನೆಗೆ ಒತ್ತಿದಳು. ದನಿ ಸಣ್ಣದಾಗಿತ್ತು, ಸ್ಪೀಕರು ಅದನ್ನೂ ದೊಡ್ಡದು ಮಾಡಿತು. "ಮುದ್ರೆ ಬಿದ್ದಿದೆ ತಂಗಿ. ರದ್ದು ಮಾಡಕ್ಕೆ ಇನ್ಸ್‌ಪೆಕ್ಟರೇ ಆಗಬೇಕು. ಅವರು ಮಸೀದಿಗೆ ಹೋದ್ರು. ಶುಕ್ರವಾರದ ನಮಾಜು. ಮುಗಿದ ತಕ್ಷಣ ಬರ್ತಾರೆ."

ಟ್ಯಾಕ್ಸಿ ಹಿಡಿದರು. ಡ್ರೈವರು ಒಳ್ಳೆಯವನು, ಸುದ್ದಿ ಕೇಳಿ ಹಾಡು ನಿಲ್ಲಿಸಿದ, ಗಾಡಿಯನ್ನು ಕೆಟ್ಟ ವೇಗದಲ್ಲಿ ಓಡಿಸಿದ. ಕುರಲಾಯ್ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಊರಿನ ದಿಬ್ಬ ಕಂಡಾಗ ಒಂದೇ ಮಾತು ಆಡಿದಳು: "ಕಿವಿ ಯಂತ್ರ ಗಾಡಿಲೇ ಉಳೀತು."

ಗಂಡಸರು ಮಣ್ಣು ಹಾಕಿ ವಾಪಸ್ಸು ಬರುತ್ತಿದ್ದರು. ಗೇಟಿನ ಬಳಿ ಒಬ್ಬ ಕೆಟಲಿನಿಂದ ನೀರು ಹುಯ್ಯುತ್ತಿದ್ದ, ಉಳಿದವರು ಒಬ್ಬೊಬ್ಬರಾಗಿ ಕೈ ತೊಳೆಯುತ್ತಿದ್ದರು. ಹಳದಿ ಅಂಗಿ ಟ್ಯಾಕ್ಸಿಯಿಂದ ಇಳಿದದ್ದನ್ನು ನೋಡಿ ಕೆಟಲಿನವನು ನೀರು ನಿಲ್ಲಿಸಿದ. ಅತ್ತಿಗೆ ಓಡಿಬಂದು ಕಪ್ಪು ವೆಲ್ವೆಟ್ ಕೋಟನ್ನು ಅವಳ ಮೇಲೆ ಹೊದಿಸಿದಳು. ತೋಳಿನ ಕಿತ್ತಳೆ ಹೂವು ಮಾತ್ರ ಹೊರಗೇ ಇಣುಕುತ್ತಿತ್ತು.

ಹಿರಿಯರು ಗುಡಾರದಲ್ಲಿ ಕಾದು ಕೂತಿದ್ದರು. ಅವಳಿಗೆ ಆಗಲೇ ಗೊತ್ತಾಗಿದೆ ಎಂದು ಹೇಳಲು ಮುರಾಗೇರನಿಗೆ ಧೈರ್ಯ ಬರಲಿಲ್ಲ. ಅವಳೂ ಹೇಳಲಿಲ್ಲ. ಹೆಂಗಸರು ಅವಳನ್ನು ಕೂರಿಸಿ ಎರಡೂ ತೋಳು ಹಿಡಿದುಕೊಂಡರು. ಊರಿಗೇ ಹಿರಿಯನಾದ ಬೈಸೆಯಿತ್ ಅಜ್ಜ ಗಂಟಲು ಸರಿಮಾಡಿಕೊಂಡು ದೂರದಿಂದ ಶುರುಮಾಡಿದ.

"ಮಗಳೇ, ನದಿ ಇದೆ ಅಂದ್ಮೇಲೆ ದಡ ಕೊಚ್ಚೋದು ಇದ್ದದ್ದೇ. ನಿಮ್ಮ ಅಂಗಳದಲ್ಲಿ ಕುದುರೆ ಕಟ್ಟೋ ಗೂಟ ಒಂದಿತ್ತಲ್ಲ, ಊರಿಗೆ ಬಂದೋರೆಲ್ಲ ಅದಕ್ಕೇ ಕಟ್ತಿದ್ರು. ಮರ ಅಲ್ವೇನಮ್ಮ ಅದು. ಎಷ್ಟು ದಿನ ಅಂತ ನಿಂತಿರತ್ತೆ..."

ಅವನು ಹೇಳುತ್ತ ಹೋದ. ಬೆಳಗಿನಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದ ಮಾತುಗಳು, ಒಂದನ್ನೂ ಬಿಡಲಿಲ್ಲ. ಕುರಲಾಯ್ ಮೊದಲಿನಿಂದ ಕೊನೆಯವರೆಗೆ ಅವನ ತುಟಿಗಳನ್ನೇ ನೋಡುತ್ತ ಕೇಳಿದಳು, ಕಿವಿ ಮಂದವಾದವರು ನೋಡುವ ಹಾಗೆ. ಗೂಟ ಬಿತ್ತು ಎಂದಾಗ ಹೆಂಗಸರ ಕೈಗಳು ಬಿಗಿಯಾದವು. ಅವಳು ಅಲುಗಲಿಲ್ಲ. ಮಗಳು ಹಾಡಿ ಅಳಬೇಕಾದ ಹೊತ್ತು ಬಂದು, ನಿಂತು, ದಾಟಿಹೋಯಿತು.

"ಯಾವ ಕಡೆ ಮಲಗಿಸಿದ್ರಿ?" ಎಂದು ಕೇಳಿದಳು.

ಬಲಗಡೆ ಎಂದು ಅತ್ತಿಗೆ ತೋರಿಸಿದಳು. ಅಲ್ಲಿನ ಹಾಸು ಆಗಲೇ ತೆಗೆದಿದ್ದರು. ಹುಲ್ಲು ಒತ್ತಿಕೊಂಡಿತ್ತು. ಕುರಲಾಯ್ ಮೊಣಕಾಲಿನಲ್ಲೇ ಸರಿದು ಹೋಗಿ ಅಲ್ಲಿ ಕೂತಳು.

ಮುರಾಗೇರ್ ಹೊರಗೆ ಬಂದ. ದುಲಾತ್ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದು ಎದುರು ನಿಂತ. ಉಗುರಿನಲ್ಲಿ ಮಣ್ಣು ಹಾಗೇ ಇತ್ತು.

"ಏನಾಯ್ತು ಅಳಿಯಾ?"

"ಗಾಡಿನ ತಪ್ಪು ಕಡೆ ನಿಲ್ಸಿದ್ದೆ."

"ಯಾವುದರ ತಪ್ಪು ಕಡೆ?"

ಮುರಾಗೇರ್ ಉತ್ತರಿಸಲು ಬಾಯಿ ತೆರೆದ. ಒಂದು ಗೀಟು, ಎರಡು ಗೀಟು, ಮೂವತ್ತೊಂದು, ಎಲ್ಮ್ ಮರ. ಸುತ್ತ ಬಯಲಿನಲ್ಲಿ ಸಾವಿಗೆ ಬಂದವರ ಕಾರುಗಳು ಹುಲ್ಲಿನಲ್ಲಿ, ಕೊಟ್ಟಿಗೆಯ ಬಾಗಿಲಿಗೆ, ಒಂದರ ಬಾಲಕ್ಕೆ ಒಂದು ಮೂತಿ ಇಟ್ಟು, ಮೇಯುವ ದನಗಳ ಹಾಗೆ ನಿಂತಿದ್ದವು. ದುಲಾತನೂ ಅವನ್ನೇ ನೋಡಿದ.

"ಸಮೋವಾರಿಗೆ ಸೌದೆ ಹಾಕು ಹೋಗು," ಎಂದ. "ಜನ ಬಿಸಿಲಲ್ಲಿ ಬಂದಿದ್ದಾರೆ."

ಚಹಾಕ್ಕೆ ನೀರು ಕಾಯಿಸುವ ಸಮೋವಾರು ಅಳಿಯಂದಿರ ಕೆಲಸ. ಮುರಾಗೇರ್ ಕುಕ್ಕರಗಾಲಿನಲ್ಲಿ ಕೂತು ಚಕ್ಕೆ ಸೀಳತೊಡಗಿದ. ನೀರು ಹುಯ್ಯುತ್ತಿದ್ದ ದಾಯಾದಿಯೊಬ್ಬ ಇನ್ನೊಬ್ಬನಿಗೆ ಮೆಲ್ಲಗೆ, "ನಗರದ ಅಳಿಯ ಅಲ್ವಾ, ನಿಧಾನವಾಗಿ ಬಂದಿದ್ದಾನೆ," ಎಂದದ್ದು ಕೇಳಿಸಿತು. ನಿಧಾನದ ಅಳಿಯ ಎಂಬುದೇ ಇನ್ನು ಈ ಊರಲ್ಲಿ ತನ್ನ ಹೆಸರು ಎಂದು ಅವನಿಗೆ ಗೊತ್ತಾಯಿತು.

ಹೊಗೆ ಎದ್ದಿತು. ಗುಡಾರದೊಳಗಿನಿಂದ ಒಂದು ದನಿ ಶುರುವಾಯಿತು, ಸಣ್ಣಗೆ, ಹಾಡೋ ಅಳುವೋ ಇನ್ನೂ ನಿರ್ಧಾರವಾಗದ ಹಾಗೆ. ಅವನು ಕೊಡಲಿ ಕೆಳಗಿಟ್ಟು ಕಿವಿಗೊಟ್ಟ. ಅದು ಅವಳದೋ ಬೇರೆಯವರದೋ ತಿಳಿಯಲಿಲ್ಲ. ಇಷ್ಟು ವರ್ಷ ಜೊತೆಗಿದ್ದೂ ಅವಳು ಅಳುವುದನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.